ಕೆರೆದಡದ ಮರೆಗೆ ಅಪ್ಪಣೆ

ಹೋಮ್‌ಬೆಕ್, ಕಂಬ್ರಿಯಾ
ಮೇ 14

ಪ್ರೀತಿಯ ಗ್ವೆನ್,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಮೊದಲು ನನ್ನನ್ನು ಚೆನ್ನಾಗಿ ಬೈದುಕೋ, ಆಮೇಲೆ ಓದು. ನಿನ್ನ ಮಂಡಿನೋವು ಇಳಿಯಿತೇ? ನಾನಿಲ್ಲಿ ಒಂದು ಪುಟ್ಟ ಗುಡಿಸಲಿನ ಹಿಂದೆ ಬಿದ್ದು ಲೋಕವನ್ನೇ ಮರೆತಿದ್ದೆ.

ಚಳಿಗಾಲದಲ್ಲಿ ನಮ್ಮ ಈಜಿನ ಗುಂಪಿನ ಬ್ರೆಂಡಾ ಬೆಟ್ಟದ ಕೆರೆಯಿಂದ ಮೇಲೆ ಬಂದವಳು, ಗಾಳಿಯಲ್ಲಿ ಬಟ್ಟೆ ಬದಲಿಸುತ್ತಾ ಹಾಗೇ ಕುಸಿದುಬಿಟ್ಟಳು. ಕುರಿ ಸಾಕುವ ಟೆಡ್ ಅವಳನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು ಓಡದಿದ್ದರೆ ಉಳಿಯುತ್ತಿರಲಿಲ್ಲ. ದಡದಲ್ಲಿ ಗಾಳಿಗೊಂದು ಮರೆ ಬೇಕೇ ಬೇಕು ಅಂದುಕೊಂಡೆವು. ಟೆಡ್ ಜಾಗ ಕೊಟ್ಟ. ಆದರೆ ನಮ್ಮದು ಸಂರಕ್ಷಿತ ನಾಡಲ್ಲವೇ, ಮೊಳೆ ಹೊಡೆಯಲೂ ಅಪ್ಪಣೆ ಬೇಕು.

ಯೋಜನಾ ಕಚೇರಿಯಿಂದ ಫಿನ್ಲೆ ಎಂಬ ಅಧಿಕಾರಿ ಬಂದ. "ಈಜೋದಕ್ಕೆ ಅಡ್ಡಿಯಿಲ್ಲ ಮೇಡಂ. ಆಡಿ, ನಡೀರಿ, ನೀರಿಗಿಳೀರಿ. ಅದಕ್ಕೆ ಅಂತ ಏನಾದ್ರೂ ಕಟ್ಟಿದ್ರೆ ಮಾತ್ರ, ಬಯಲು ಬಯಲಾಗೇ ಉಳಿಯತ್ತಾ ಅಂತ ನೋಡ್ಬೇಕಾಗತ್ತೆ," ಅಂದ.

"ಗುಡಿಸಲಿಗೆ ಚಕ್ರ ಹಾಕಿದ್ರೆ? ಆಗ ಕಟ್ಟಿದ ಹಾಗಾಗಲ್ವಲ್ಲ?" ಬ್ರೆಂಡಾ ಕೇಳಿದಳು.

"ಚಕ್ರ ಇದ್ರೂ ಅಲ್ಲೇ ನಿಂತಿರತ್ತಲ್ಲಾ!"

ಟೆಡ್‌ಗೆ ರೇಗಿತು. "ನನ್ನ ಶೆಡ್ ನಿಂತಿಲ್ವೇನಯ್ಯಾ? ಒಳಗೆ ಕುರಿ ಇದ್ರೆ ಬೇಸಾಯ, ಬ್ರೆಂಡಾ ಇದ್ರೆ ಮೋಜು. ಹೊರಗಿಂದ ಎರಡೂ ತಗಡೇ!"

"ನನ್ನನ್ನ ಕುರಿ ಜೊತೆ ಸೇರಿಸ್ಬೇಡ ಮುದುಕಾ," ಅಂದಳು ಬ್ರೆಂಡಾ. ಫಿನ್ಲೆಯೂ ನಕ್ಕುಬಿಟ್ಟ.

ಆದರೆ ಅವನ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಬಯಲು ಅಂದರೆ ಏನು ಗ್ವೆನ್? ಕಣ್ಣಿಗೆ ಏನೂ ಅಡ್ಡ ಬಾರದಿರುವುದೋ, ನೆಲದ ಮೇಲೆ ಏನೂ ಇಲ್ಲದಿರುವುದೋ? ಗುಡಿಸಲು ಬರುವ ಕಡೆ ಅದರ ಎತ್ತರಕ್ಕೆ ಕೋಲು ನೆಟ್ಟು, ಕೆಂಪು ಪಟ್ಟಿ ಕಟ್ಟಿ, ಅಪ್ಪಣೆ ಕೊಡುವ ಸಮಿತಿಯವರ ಜೊತೆ ನಾವೂ ಬೆಟ್ಟ ಸುತ್ತಿದೆವು. ಎಲ್ಲಿಂದ ನೋಡಿದರೂ ಆ ಕೆಂಪು ಕಣ್ಣಿಗೆ ಹೊಡೆಯುತ್ತಿತ್ತು. ನನಗೇ ಹಿಡಿಸಲಿಲ್ಲ, ನಿಜ ಹೇಳುತ್ತೇನೆ. ಇಳಿಯುವಾಗ ಅಧ್ಯಕ್ಷೆ ಟೆಡ್‌ನ ದಡದ ಪಕ್ಕದ ಪಾಳುಬಿದ್ದ ಕಲ್ಲಿನ ಕುರಿದೊಡ್ಡಿಯೊಳಗೆ ಕೂತು ಬೂಟಿಗೆ ಸೇರಿದ ಕಲ್ಲು ತೆಗೆಯುತ್ತಾ, "ಇಲ್ಲಿ ಗಾಳಿನೇ ಇಲ್ವಲ್ರೀ!" ಅಂದಳು. ಎಲ್ಲರೂ ಒಳಗಿಳಿದು ನಿಂತೆವು. ಹೌದು, ಗಾಳಿಯಿಲ್ಲ.

ಮುಂದಿನ ಸಭೆಯಲ್ಲಿ ಅಪ್ಪಣೆ ಸಿಕ್ಕಿತು. ಆ ಗೋಡೆಗಳ ಒಳಗೇ, ಗೋಡೆಗಿಂತ ತಗ್ಗಾಗಿ, ಹುಲ್ಲು ಹೊದಿಸಿದ ಮಾಡು. ದೀಪವಿಲ್ಲ, ಫಲಕವಿಲ್ಲ, ಈಜು ನಿಂತರೆ ಕಿತ್ತುಹಾಕಬೇಕು. ನಿನ್ನೆ ಬ್ರೆಂಡಾ ಅಲ್ಲಿ ಬೆಚ್ಚಗೆ ಕೂತು ಚಹಾ ಕುಡಿದಳು.

ನಿನ್ನ ಮಂಡಿಗೆ ಬಲ ಬರಲಿ, ಮನೆಯವರೆಲ್ಲ ನಗುನಗುತ್ತಾ ಇರಲಿ.

ನಿನ್ನ,
ಮೆರಿಯೆಲ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಸಭೆಯಲ್ಲಿ ವಿರೋಧಿಸಿ ಎದ್ದವನು ನನ್ನ ಮಗ ಗ್ಯಾರೆತ್ ಒಬ್ಬನೇ. "ನಮ್ಮಪ್ಪ ಮುಳುಗಿದ್ದು ಅದೇ ನೀರಲ್ಲಿ. ಅಲ್ಲಿ ಚಹಾ ಕುಡಿಯೋ ಜಾಗ ಮಾಡ್ಬೇಡಿ," ಅಂದ. ಅಧ್ಯಕ್ಷೆ ಮೆಲ್ಲಗೆ, "ದುಃಖವನ್ನ ಪರಿಗಣಿಸೋಕೆ ನಮ್ಮ ನಿಯಮದಲ್ಲಿ ಅವಕಾಶ ಇಲ್ಲಪ್ಪಾ," ಅಂದಳು. ಅವನಪ್ಪ ಡೆಸ್ಮಂಡ್ ಹೋದಮೇಲೂ ನಾನು ಅಲ್ಲಿಗೇ ಏಕೆ ಹೋಗುತ್ತೇನೆಂದು ಮಗ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಸಭೆ ಮುಗಿದಮೇಲೆ ಹೊರಬಾಗಿಲಲ್ಲಿ ನನ್ನ ಮುಖ ನೋಡದೆ, "ಅಲ್ಲಿ ನೀರು ತುಂಬಾ ತಣ್ಣಗಿರತ್ತೇನಮ್ಮಾ?" ಅಂದ. "ಮೊದ್ಲು ಉಸಿರು ಕಟ್ಟತ್ತೆ. ಆಮೇಲೆ ನೋವಾಗಲ್ಲ ಕಣೋ," ಅಂದೆ. "ಅಪ್ಪಂಗೆ ನೋವಾಗಿತ್ತಾ ಅಂತ, ಅದೊಂದು ಗೊತ್ತಾಗ್ಬೇಕಿತ್ತು ನಂಗೆ," ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.