ಚಂಡಮಾರುತ ಕಲಕಿದ ನೀರು

ಬಂದರಿನ ವಸತಿ, ಎರಡನೇ ಮಹಡಿ
ತಾರೀಖು ೧೮, ಬುಧವಾರ

ಪ್ರೀತಿಯ ಅತ್ತಿಗೆಗೆ,

ನಮಸ್ಕಾರ. ನಿಮ್ಮ ಮೂರು ಕಾಗದಗಳೂ ತಲುಪಿದವು. ಉತ್ತರ ತಡವಾಯಿತು, ಕ್ಷಮಿಸಿ. ಬಲಗೈ ಮುರಿದಿತ್ತು ಅನ್ನುವುದು ನೆಪ. ಪ್ಲಾಸ್ಟರ್ ಬಿಚ್ಚಿ ಐದು ದಿನವಾಯಿತು. ಪುಟ್ಟಿಯ ಜ್ವರ ಬಿಟ್ಟಿತೇ?

ಅಣ್ಣ ಹೇಗೆ ಹೋದ ಎಂದು ಕೇಳಿದ್ದೀರಿ. ಕಚೇರಿಯವರು ಬರೆದ ನಾಲ್ಕು ಸಾಲು ನಿಮಗೆ ಸಾಲದು, ಗೊತ್ತು.

ಸಮುದ್ರದ ನೀರು ಎಷ್ಟು ಬಿಸಿ ಎಂದು ಅಳೆಯುವ ಹಡಗು ನಮ್ಮದು. ಅಳತೆ ಓದುವುದು ನನ್ನ ಕೆಲಸ. ಉಪಕರಣವನ್ನು ಉಕ್ಕಿನ ತಂತಿಯಲ್ಲಿ ಇಳಿಸಿ ಎತ್ತುವ ಯಂತ್ರ ಅಣ್ಣನದು. ಆ ಚಂಡಮಾರುತ ದಾರಿ ಬದಲಿಸಿ ನಮ್ಮ ಮೇಲೇ ಬಂತು. ಹದಿನಾಲ್ಕು ಗಂಟೆ ಬಡಿಯಿತು. ಮೊದಲ ಏಟಿಗೇ ಗಾಜು ಒಡೆದು ಕ್ಯಾಪ್ಟನ್ನರ ಮುಖ ಸೀಳಿತು. ಜೀವರಕ್ಷಕ ದೋಣಿಗಳನ್ನು ಅಲೆ ಕಿತ್ತುಕೊಂಡು ಹೋಯಿತು. ಅಡುಗೆಕೋಣೆಯ ಒಲೆ ಬುಡಸಮೇತ ಕಿತ್ತು ಬಂದು ಅಡುಗೆಯವನ ಕಾಲನ್ನು ಗೋಡೆಗೆ ಜಜ್ಜಿತು. ಅಣ್ಣ ಅವನನ್ನು ಬೆನ್ನ ಮೇಲೆ ಹೊತ್ತು ತಂದು, ತನ್ನ ಬೆಲ್ಟಿನಿಂದ ತೊಡೆ ಬಿಗಿದ. ಉಪ್ಪು ಹೆಚ್ಚಾಯಿತೆಂದು ಇನ್ನು ಬೈಯುವುದಿಲ್ಲ ಎಂದು ಅವನಿಗೆ ಮಾತು ಬೇರೆ ಕೊಟ್ಟ.

ಹಡಗಿನಡಿಯ ನೀರು ಇಪ್ಪತ್ತೊಂಬತ್ತು ಡಿಗ್ರಿಯಿಂದ ಇಪ್ಪತ್ತೈದಕ್ಕೆ ಇಳಿದಿತ್ತು. ಬೆಚ್ಚಗಿನ ನೀರೇ ಚಂಡಮಾರುತದ ಅನ್ನ. ಅದು ಉಂಡು ಹೋಗುವಾಗ ಸಮುದ್ರವನ್ನು ಕಡೆದು, ಆಳದ ತಣ್ಣೀರನ್ನು ಮೇಲೆ ತಂದಿಟ್ಟು ಹೋಗುತ್ತದೆ. ಅಷ್ಟರಲ್ಲಿ ಹಿಂದೆ ಇನ್ನೊಂದು ಹುಟ್ಟುತ್ತಿತ್ತು. ಅದೂ ಇದೇ ದಾರಿ ಹಿಡಿದರೆ ತಿನ್ನಲು ಏನು ಉಳಿದಿದೆ, ತಣ್ಣೀರು ಎಷ್ಟು ಆಳದವರೆಗೆ ಇದೆ ಎಂದು ದಡದ ಕಚೇರಿ ಕೇಳಿತು.

ಗಾಳಿ ಇಳಿದ ಬೆಳಿಗ್ಗೆ, ಅಲೆ ಇನ್ನೂ ಮನೆಯೆತ್ತರ ಏಳುತ್ತಿರುವಾಗಲೇ ಉಪಕರಣ ಇಳಿಸಿದೆವು. ಅಳತೆ ಬರುತ್ತಿತ್ತು. ಹಡಗು ಒಮ್ಮೆ ಕುಸಿದು ಎದ್ದಿತು, ತಂತಿ ತುಂಡಾಯಿತು. ಆ ತುದಿ ಚಾಟಿಯಂತೆ ಬೀಸಿ ಬಂದು ಮೊದಲು ನನ್ನ ಕೈಗೆ, ಆಮೇಲೆ ಅಣ್ಣನ ಕುತ್ತಿಗೆಗೆ ಬಡಿಯಿತು. ಅವನು ನರಳಲಿಲ್ಲ ಅತ್ತಿಗೆ. ನಾನು ಹಿಡಿಯುವಷ್ಟರಲ್ಲಿ ಮುಗಿದಿತ್ತು. ಡೆಕ್ಕಿನ ರಕ್ತವನ್ನು ಮುಂದಿನ ಅಲೆಯೇ ತೊಳೆಯಿತು.

ಎಂಟನೇ ದಿನ ಎರಡನೆಯದು ಅದೇ ದಾರಿಯಲ್ಲಿ ಬಂತು. ನಮ್ಮ ಅಳತೆ ನೋಡಿ ಕಚೇರಿಯವರು ಇದು ಸೊರಗುತ್ತದೆ ಎಂದರು; ನಮ್ಮನ್ನು ಸೇರಿಸಿದ್ದ ಈ ಬಂದರಿನ ಆಸ್ಪತ್ರೆಯವರು ರೋಗಿಗಳನ್ನು ಬೇರೆಡೆಗೆ ಸಾಗಿಸದೆ ಅಲ್ಲೇ ಉಳಿಸಿಕೊಂಡರು. ಹಾಗೇ ಆಯಿತು. ತಣ್ಣೀರಿನ ಮೇಲೆ ಬಂದಾಗ ಅದರ ಕಸುವು ಅರ್ಧಕ್ಕಿಳಿಯಿತು. ನಾಲ್ಕು ಹೆಂಚು ಹಾರಿದವು, ಅಷ್ಟೇ. ಅಡುಗೆಯವನೂ ನನ್ನ ವಾರ್ಡಿನಲ್ಲೇ ಇದ್ದ. "ನಿಮ್ಮಣ್ಣ ನನ್ನನ್ನ ಎರಡು ಸಲ ಉಳಿಸ್ದ" ಎಂದು ಅತ್ತ. ಊರಿನವರೆಲ್ಲ ನನ್ನ ಕೈ ಹಿಡಿದು ಹೊಗಳುತ್ತಾರೆ. ನಾನು ತಲೆ ತಗ್ಗಿಸಿ ನಿಲ್ಲುತ್ತೇನೆ.

ಪುಟ್ಟಿಗೆ ನನ್ನ ಆಶೀರ್ವಾದ. ಅಪ್ಪನ ಹಾಗೇ ಗಟ್ಟಿ ಎದೆಯವಳಾಗಿ ನೂರು ಕಾಲ ಬಾಳಲಿ. ನೀವು ಹೊತ್ತುಹೊತ್ತಿಗೆ ಊಟ ಮಾಡಿ.

ಇಂತಿ,
ನಿಮ್ಮ ಮೈದುನ

ತಾ.ಕ.: ಒಂದು ಮಾತು ಬಿಟ್ಟು ಬರೆದೆ. ನೂರು ಮೀಟರಿಗೇ ಅಣ್ಣ ಯಂತ್ರ ನಿಲ್ಲಿಸಿದ್ದ. "ತಂತಿ ತಡ್ಕೊಳಲ್ಲ, ಸಾಕು ಕಣೋ" ಅಂದ. "ಇನ್ನೊಂದೈವತ್ತು ಬಿಡಣ್ಣ" ಅಂದೆ. ನನ್ನ ಮುಖ ನೋಡಿದ, ಬಿಟ್ಟ. ತನಿಖೆಯವರಿಗೆ ಇದನ್ನು ಹೇಳಿಲ್ಲ. ಆಮೇಲೆ ಅಳತೆಗಳನ್ನೆಲ್ಲ ಮತ್ತೆ ಕೂತು ನೋಡಿದೆ, ಅತ್ತಿಗೆ. ಮೊದಲ ನೂರೇ ಸಾಕಾಗಿತ್ತು.