ಅಜ್ಜಿ ಚೆಲ್ಲಿದ ಎರಡು ಬಾಟಲಿ

ಕೆಮ್ಮಣ್ಣು
22 ಏಪ್ರಿಲ್ 1999, ಗುರುವಾರ

ಪ್ರೀತಿಯ ಪ್ಯಾಟ್ರಿಶಿಯಾ ಬಾಯೆ,

ಬೇರೆಲ್ಲ ಆಮೇಲೆ. ಅಳಿಯ ಲಿಯೋನೆಲ್ ಭಾನುವಾರ ಇಲ್ಲಿಂದ ಒಯ್ದ ಬಾಟಲಿಯನ್ನು ಮುಟ್ಟಬೇಡ.

ಬೆಳಿಗ್ಗೆ ಫೋನ್ ಮಾಡಿದ್ದೆ. ನಿನ್ನ ಅತ್ತೆ ಎತ್ತಿದರು. ನಿನಗೆ ಸ್ನಾನ ಮಾಡಿಸುತ್ತಿದ್ದಾರೆ, ನಾಳೆಯಿಂದ ಬಾಣಂತಿ ಮದ್ದಿಗೆ ಅಜ್ಜಿಯ ಗೇರುಹಣ್ಣಿನ ಸಾರಾಯಿ ಎರಡು ಚಮಚ ಸೇರಿಸುತ್ತೇವೆ ಎಂದರು. ಇಲ್ಲಿ ಅಜ್ಜಿ ಫೋನಿನ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ಅವಳ ಎದುರು ಹೇಳುವಂತಿರಲಿಲ್ಲ. ಮಗುವಿನ ತೂಕ ಕೇಳಿ ಇಟ್ಟುಬಿಟ್ಟೆ. ಈಗ ಪಕ್ಕದ ಮನೆಯ ಆಲ್ಫೋನ್ಸ್ ಕಾರ್ಕಳಕ್ಕೆ ಹೊರಟು ಅಂಗಳದಲ್ಲಿ ಕಾಯುತ್ತಿದ್ದಾನೆ. ಪತ್ರವನ್ನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ.

ನಾನು ಮುಚ್ಚಿಟ್ಟದ್ದು ಇದು: ಅಜ್ಜಿಗೆ ವಾಸನೆ ತಿಳಿಯುವುದಿಲ್ಲ. ಕ್ರಿಸ್‌ಮಸ್ಸಿನ ಮರುದಿನ ಬಂಗುಡೆ ಸಾರು ತಳ ಹಿಡಿದು ಅಂಗಳದಲ್ಲಿದ್ದ ನನಗೆ ವಾಸನೆ ಬಡಿಯಿತು. ಒಲೆಗೆ ಬೆನ್ನು ಹಾಕಿ ಕುಳಿತ ಅವಳು ಜಪಸರ ಎಣಿಸುತ್ತಲೇ ಇದ್ದಳು.

ಭಟ್ಟಿಯ ಕೆಲಸವೆಲ್ಲ ಮೂಗಿನದು ಎಂದು ನಿನಗೂ ಗೊತ್ತು. ಹುಳಿತ ರಸ ಕುದಿದು ನಳಿಗೆಯಿಂದ ಮೊದಲು ಇಳಿಯುವುದು ವಿಷ ಎನ್ನುತ್ತಾಳೆ ಅವಳು. ಆ ಕಟು ವಾಸನೆ ಹೋಗುವ ತನಕ ಚೆಲ್ಲಿ, ಆಮೇಲೆ ಬಾಟಲಿ ಹಿಡಿಯಬೇಕು. ಇಷ್ಟು ಗೊತ್ತಿದ್ದೂ ನಾನು ಬೇಡವೆನ್ನಲಿಲ್ಲ. ನಲವತ್ತು ವರ್ಷ ಊರ ಬಾಣಂತಿಯರಿಗೆಲ್ಲ ಕೊಟ್ಟ ಕೈ. ಇನ್ನು ನಿಲ್ಲಿಸು ಎಂದು ಹೇಗೆ ಹೇಳಲಿ? ಭಾನುವಾರ ಅವಳು ಭಟ್ಟಿ ಇಳಿಸುವಾಗ ಕವನದ ಪುಸ್ತಕ ಹಿಡಿದು ಪಕ್ಕ ಕುಳಿತೆ. ಒಂದು ಸಾಲೂ ಒಳಗೆ ಹೋಗಲಿಲ್ಲ. "ಪುಸ್ತಕ ಕೆಳಗಿಡು ಮಾರಾಯ್ತಿ, ನನ್ನ ಎದುರು ಕೂತ್ಕೋ" ಎಂದು ಗದರಿಸಿದಳು. ಬಗ್ಗಿ ಮೂಸಿದರೆ ನನ್ನ ಅನುಮಾನ ಅವಳಿಗೆ ತಿಳಿಯುತ್ತದೆ; ಉಸಿರು ಬಿಗಿಹಿಡಿದು ಕುಳಿತೆ.

ಪ್ರತಿ ವರ್ಷ ಅರ್ಧ ಬಾಟಲಿ ಚೆಲ್ಲುವವಳು ಈ ಸಲ ಎರಡು ಬಾಟಲಿ ಚೆಲ್ಲಿದಳು. ಉಳಿದದ್ದು ಒಂದೇ. ಮೂಗಿನ ಜೊತೆ ಅಳತೆಯೂ ಹೋಯಿತು, ಉಳಿದದ್ದನ್ನು ನಂಬುವುದು ಹೇಗೆ ಎಂದುಕೊಂಡೆ. ಆದರೂ ಅದನ್ನೇ ಬಟ್ಟೆಯಲ್ಲಿ ಸುತ್ತಿ ಲಿಯೋನೆಲ್ ಕೈಗೆ ಕೊಟ್ಟೆ. ಅವಳ ಮರ್ಯಾದೆ ನೋಡಿದೆ, ನಿನ್ನ ಜೀವ ನೋಡಲಿಲ್ಲ.

ಬಾಟಲಿ ಕೈಜಾರಿ ಒಡೆಯಿತು ಎಂದು ಹೇಳು. ಅಜ್ಜಿಗೆ ಮಾತ್ರ ಕಾರಣ ತಿಳಿಯಬಾರದು.

ನಿನ್ನ ಅಮ್ಮ,
ಐರಿನ್

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಅಜ್ಜಿ ಬಂದು, ಬಾಟಲಿಯ ವಿಷಯ ಬರೆದೆಯಾ ಎಂದು ಕೇಳಿದಳು. "ನನ್ನ ಮೂಗು ಹೋಗಿ ಐದು ತಿಂಗಳಾಯ್ತು. ಅದಕ್ಕೇ ನಿನ್ನನ್ನು ಎದುರು ಕೂರಿಸಿದ್ದು. ನಿನ್ನ ಮುಖ ಸರಿಯಾಗುವ ತನಕ ಚೆಲ್ಲುವ ಅಂತ ನೋಡಿದೆ. ನಿನ್ನದು ಎಂತ ಮುಖ ಮಾರಾಯ್ತಿ, ಸರಿಯಾಗುವುದೇ ಇಲ್ವಲ್ಲ!" ಎಂದಳು.

ನನ್ನ ಹುಬ್ಬು ಗಂಟಿಕ್ಕಿದ್ದು ವಾಸನೆಗಲ್ಲ, ಭಯಕ್ಕೆ. ಸಡಿಲಾದದ್ದು ಲಿಯೋನೆಲ್‌ನ ಬೈಕಿನ ಸದ್ದು ಕೇಳಿ. ಅವಳು ಬಾಟಲಿ ಹಿಡಿದದ್ದು ಆಗಲೇ.

ಒಡೆಯಬೇಡ, ತೆರೆಯಲೂ ಬೇಡ. ನಾಳೆ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ನಾನು ಮೂಸುತ್ತೇನೆ. ಅಜ್ಜಿ ನನ್ನ ಮುಖ ನೋಡಲಿ.