ಕಾಳು ಕಚ್ಚುವವನ ಸ್ಟೂಲು

ಶಹಾಪುರ
19 ಜನವರಿ 2025, ರವಿವಾರ

ಮಗಳು ಯಶೋಧರಾಳಿಗೆ ನಿನ್ನ ಗುರುದೇವಿ ಅತ್ತೆಯ ಆಶೀರ್ವಾದ.

ಇಲ್ಲಿ ನಾವೆಲ್ಲ ಆರಾಮ ಎಂದು ಬರೆಯುವುದು ರೂಢಿ, ಆದರೆ ಅದು ಅರ್ಧ ಮಾತ್ರ ನಿಜ. ‘ಅತ್ತಿ, ಅಪ್ಪ ಮಿಲ್ಲಿಗಿ ಯಾಕ ಹೋಗವಲ್ಲ? ಯಾರ್ ಕೇಳಿದ್ರೂ ಗ್ವಾಡಿ ಕಡಿ ಮಾರಿ ತಿರುಗಸ್ತಾನಂತ’ ಎಂದು ನೀನು ಸೈದಾಪುರದಿಂದ ಫೋನ್ ಮಾಡಿ ಹನ್ನೆರಡು ದಿನವಾಯಿತು. ಪತ್ರ ಬರೆಯುತ್ತೇನೆಂದು ಫೋನ್ ಇಟ್ಟವಳು ಇಂದು ಕೂತಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲಿ ನೀನು ಅತ್ತರೆ ನಾನು ಏನಾದರೊಂದು ಸುಳ್ಳು ಹೇಳಿಬಿಡುತ್ತೇನೆ. ನಿನ್ನ ಶಾಲೆಯ ಮಕ್ಕಳು ಹೇಗಿದ್ದಾರೆ?

ನಮ್ಮ ಹತ್ತಿ ಮಿಲ್ಲಿನ ಹಣೆಬರಹ ನಿನಗೆ ಗೊತ್ತೇ ಇದೆ. ನಲವತ್ತು ಆಳು, ಅವರ ಮೇಲೆ ಸೂಪರ್‌ವೈಸರ್ ನಾನು. ಹಳಬರಿಗಾದರೆ ಹತ್ತಿರ ಹೋಗಿ, ಮನೆಯ ಸುದ್ದಿ ಕೇಳಿ, ಆಮೇಲೆ ಕೆಲಸ ಹೇಳಬೇಕು. ಹುಡುಗರಿಗೆ ಹಾಗೆ ಕೇಳಿದರೆ ಕಿರಿಕಿರಿ, ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿದರೆ ಸಾಕು. ಎರಡೂ ಕಡೆಯವರನ್ನು ಹದಿನೆಂಟು ವರ್ಷ ಸಂಭಾಳಿಸಿಕೊಂಡು ಬಂದವಳು ನಾನು. ನಿಮ್ಮಪ್ಪನನ್ನು ಅಣ್ಣ ಎಂದು ಕರೆಯಲು ಶುರು ಮಾಡಿದ್ದೂ ಈ ಮಿಲ್ಲಿನಲ್ಲೇ.

ದೀಪಾವಳಿ ಮುಗಿದ ಮೇಲೆ ವಿಶ್ವರಾಧ್ಯ ಸಾಹುಕಾರರು ತಮ್ಮನ ಮಗ ಬಸುವನ್ನು ಮ್ಯಾನೇಜರ್ ಮಾಡಿ ತಂದರು. ಇಪ್ಪತ್ತೈದರ ಹುಡುಗ, ಕೈಯಲ್ಲಿ ತೇವ ಅಳೆಯುವ ಮೀಟರು. ನಿಮ್ಮಪ್ಪ ಎಂದಿನಂತೆ ಬಾಗಿಲ ಬಳಿ ತನ್ನ ಸ್ಟೂಲಿನ ಮೇಲೆ ಕೂತು, ಬಂದ ಹತ್ತಿಯಿಂದ ಒಂದು ಕಾಳು ಬಿಡಿಸಿ ಹಲ್ಲಿಗಿಟ್ಟ. ಕಟ್ ಎಂದು ಒಡೆದರೆ ಮಾಲು ಒಣಗಿದೆ, ಮೆತ್ತಗೆ ಕುಸಿದರೆ ಒಳಗೆ ತೇವ ಇದೆ. ಮೂವತ್ತು ವರ್ಷದಿಂದ ಆ ಹಲ್ಲು ಒಮ್ಮೆಯೂ ತಪ್ಪಿಲ್ಲ.

‘ಏ ಮುದುಕಾ, ಮಾಲಿಗಿ ಎಂಜಲ ಹಚ್ಚೋದು ಬಂದ್ ಮಾಡು. ನಿನ್ನ ಬಾಯಾಗಿಂದು ಯಾರ್ ಮುಟ್ಟಬೇಕು?’ ಎಂದ ಬಸು, ಎಲ್ಲರೆದುರಿಗೇ. ಆ ಮಾತಿನಲ್ಲಿ ವಯಸ್ಸಷ್ಟೇ ಇರಲಿಲ್ಲ, ಜಾತಿಯೂ ಇತ್ತು. ಹುಡುಗರು ಕಿಸಕ್ಕನೆ ನಕ್ಕರು. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಗುಲಫಶಾ ಒಬ್ಬಳೇ ತಲೆ ತಗ್ಗಿಸಿದಳು. ನಿಮ್ಮಪ್ಪನ ಕೈಗೆ ಕಸಬರಿಗೆ ಬಂತು. ಮರುದಿನ ಗೋಡೆಗೆ ಬಸುವಿನ ಸಹಿಯ ಚೀಟಿ: ಐವತ್ತು ದಾಟಿದವರು ಮಾಲು ಪರೀಕ್ಷಿಸಕೂಡದು, ಅಭಿಪ್ರಾಯ ಹೇಳಕೂಡದು, ಮೀಟರು ತೋರಿಸಿದ್ದೇ ಕೊನೆ. ನನಗೂ ಐವತ್ತೊಂದು. ಇವನಿಗೆ ಮಣ್ಣು ಮುಕ್ಕಿಸದಿದ್ದರೆ ನಾನು ಗುರುದೇವಿಯೇ ಅಲ್ಲ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಡಿಸೆಂಬರ್ ಕೊನೆಗೆ ಎರಡು ಲಾರಿ ಹತ್ತಿ ಬಂತು, ಮೇಲೆ ಒಣ, ಒಳಗೆಲ್ಲ ಹಸಿ. ಮೀಟರಿನ ಮೊಳೆ ಗೇಣುದ್ದವೂ ಒಳಗೆ ಹೋಗುವುದಿಲ್ಲ. ಬಸು ನಾಲ್ಕು ಕಡೆ ಚುಚ್ಚಿ ‘ಓಕೆ’ ಎಂದ. ಕಸ ಹೊಡೆಯುತ್ತಿದ್ದ ನಿಮ್ಮಪ್ಪ ಕೆಳಗೆ ಬಿದ್ದ ಕಾಳೊಂದನ್ನು ಅಭ್ಯಾಸಬಲದಿಂದ ಬಾಯಿಗೆ ಹಾಕಿದ. ಮೆತ್ತಗೆ ಕುಸಿಯಿತು. ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಇಬ್ಬರೂ ಸುಮ್ಮನಿದ್ದೆವು.

ಐದನೆಯ ದಿನ ಒಟ್ಟಿಟ್ಟ ರಾಶಿ ಬಿಚ್ಚಿದರೆ ಬಿಸಿ ಹಬೆ, ಹುಳಿ ವಾಸನೆ, ಹತ್ತಿಯೆಲ್ಲ ಹಳದಿ. ಯಾದಗಿರಿಯಿಂದ ಸಾಹುಕಾರರು ಓಡಿ ಬಂದರು. ನಾನು ಗೋಡೆಯ ಚೀಟಿ ಕಿತ್ತು ಅವರ ಕೈಗಿಟ್ಟೆ. ಬಸುವಿನ ಮುಖದ ಬಣ್ಣ ಇಳಿದದ್ದನ್ನು ನೀನು ನೋಡಬೇಕಿತ್ತು! ‘ಮೀಟರ್ ಹಿಡಕೊಂಡು ನಮ್ಮ ಯಾದಗಿರಿ ಅಂಗಡ್ಯಾಗ ಗೋಣಿಚೀಲ ಮಾರ್ಕೊಂತ ಕೂಡು, ಹೋಗು’ ಎಂದರು ಸಾಹುಕಾರರು, ಹುಡುಗರೆಲ್ಲರ ಎದುರಿಗೆ. ಅವನು ತಲೆ ತಗ್ಗಿಸಿ ನಡೆದ. ಅಂದು ಮನೆಯಲ್ಲಿ ಗೋಧಿ ಹುಗ್ಗಿ ಮಾಡಬೇಕೆಂದು ಆಗಲೇ ಲೆಕ್ಕ ಹಾಕಿದ್ದೆ.

ಅಷ್ಟರಲ್ಲಿ ಸಾಹುಕಾರರು ನಿಮ್ಮಪ್ಪನ ಕಡೆ ತಿರುಗಿದರು. ‘ತಾಯಪ್ಪಾ, ನಿನಗ ಗೊತ್ತಿತ್ತೇನು?’ ಒಂದು ಸುಳ್ಳು ಸಾಕಿತ್ತು. ಸುಳ್ಳು ಅವನ ಬಾಯಿಗೆ ಬರುವುದಿಲ್ಲವಲ್ಲ. ‘ಹೌದ್ರಿ, ಗೊತ್ತಿತ್ತು’ ಎಂದ.

‘ಆ ಹುಡುಗಗ ಗೊತ್ತಿರಲಿಲ್ಲ, ಕೆಡಿಸಿದ. ನೀ ಗೊತ್ತಿದ್ದೂ ಕೆಡಾಕ ಬಿಟ್ಟಿ. ಇಬ್ಬರಾಗ ದೊಡ್ಡ ತಪ್ಪು ಯಾರದು, ನೀನ ಹೇಳು.’

ನಿಮ್ಮಪ್ಪ ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಹೆಗಲ ಟವೆಲು ಝಾಡಿಸಿಕೊಂಡು ಮನೆಗೆ ಹೋದ. ಅವನು ಮನೆಯಲ್ಲಿ ಕೂತದ್ದು ಹೀಗೆ. ಇದೆಲ್ಲ ಆ ಬಸುವಿನಿಂದಲೇ. ಅವನನ್ನು ನಾನಿನ್ನೂ ಬಿಟ್ಟಿಲ್ಲ. ಯಾದಗಿರಿಯ ಅಂಗಡಿಯಲ್ಲೂ ನನ್ನ ಪರಿಚಯದವರಿದ್ದಾರೆ, ಅಲ್ಲಿಯೂ ನೆಲೆ ನಿಲ್ಲಲು ಬಿಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಂಡನಿಗೆ ನನ್ನ ಶರಣು ಹೇಳು. ನಿನ್ನ ಮಡಿಲು ತುಂಬಿರಲಿ, ನಿನ್ನ ಮನೆಯಲ್ಲಿ ನಗು ಇರಲಿ.

ನಿನ್ನ ಅತ್ತೆ,
ಗುರುದೇವಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ನಿಮ್ಮಪ್ಪ ತಾನಾಗಿ ಸುಮ್ಮನಿರಲಿಲ್ಲ. ಕಾಳು ಉಗುಳಿ ಸೀದಾ ನನ್ನ ಹತ್ತಿರ ಬಂದು ‘ಗುರುದೇವವ್ವಾ, ಒಳಗ ನೀರು ಕುಂತದ. ಹುಡುಗ ಸಣ್ಣಾಂವ ಅದಾನ, ಹೇಳಿಬಿಡೋಣು’ ಎಂದಿದ್ದ. ಅಷ್ಟು ಅನ್ನಿಸಿಕೊಂಡವನು ಹಾಗೆ ಹೇಳಿದ. ನಾನೇ ಅವನ ಕೈ ಹಿಡಿದು ‘ಹೇಳಿದ್ರ ನನ್ನ ಮ್ಯಾಲ ಆಣಿ, ಅಣ್ಣ’ ಎಂದು ಬಾಯಿ ಕಟ್ಟಿದೆ. ಸಾಹುಕಾರರು ‘ಮತ್ಯಾರಿಗಿ ಗೊತ್ತಿತ್ತು?’ ಎಂದಾಗ ಅವನು ನನ್ನ ಕಡೆ ತಿರುಗಿಯೂ ನೋಡದೆ ‘ಯಾರಿಗಿಲ್ರಿ’ ಎಂದ. ನಾನು ನಿಂತಲ್ಲೇ ನಿಂತಿದ್ದೆ, ಯಶೋಧರಾ. ಬಾಯಿ ಬಿಡಲಿಲ್ಲ. ಹುಗ್ಗಿಯನ್ನೂ ಮಾಡಲಿಲ್ಲ.

ಈಗ ಮಾಲು ನೋಡಲು ಅದೇ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿದ್ದಾರೆ. ಕಾಳು ಕಚ್ಚುವುದನ್ನು ನನಗೆ ಕಲಿಸಿದವನೂ ನಿಮ್ಮಪ್ಪನೇ. ನಿನ್ನ ಸೇಡು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಈಗ ನಿನಗೆ ಗೊತ್ತಾಯಿತಲ್ಲ, ಬಾ.